ಹಗಲಿಗೆ ಕಿಟಕಿ, ರಾತ್ರಿಗೆ ಪಾಯಿಂಟು

ನೇಪರ್‌ವಿಲ್‌ನಿಂದ ಫ್ರೀಮಾಂಟಿಗೆ ರೈಲಿನಲ್ಲಿ ಹೋಗುತ್ತೇವೆ ಎಂದರೆ ಅಮೆರಿಕದಲ್ಲಿರುವ ನಮ್ಮವರು ಮೊದಲು ನಗುತ್ತಾರೆ, ಆಮೇಲೆ ಆರೋಗ್ಯ ವಿಚಾರಿಸುತ್ತಾರೆ. ವಿಮಾನದಲ್ಲಾದರೆ ನಾಲ್ಕೂವರೆ ಗಂಟೆ. ರೈಲಿನಲ್ಲಿ ಎರಡು ರಾತ್ರಿ, ಮೂರು ಹಗಲು. ಫ್ರೀಮಾಂಟಿನಲ್ಲಿರುವ ನನ್ನ ಭಾಮೈದ ಫೋನಿನಲ್ಲಿ ವಿಷಯ ಕೇಳಿ ಸ್ವಲ್ಪ ಹೊತ್ತು ಸುಮ್ಮನಿದ್ದ. "ಭಾವ, ನಿಮ್ಮ ಹುಚ್ಚು ಇರಲಿ, ಅಕ್ಕನ ಸೊಂಟದ ಕಥೆ ಏನು?" ಎಂದ. ಅಕ್ಕ ಪಕ್ಕದಲ್ಲೇ ಕೂತು ಬೀನ್ಸ್ ನಾರು ತೆಗೆಯುತ್ತಿದ್ದಳು. ಕೇಳಿಸಿಕೊಂಡರೂ ಕೇಳಿಸದವಳ ಹಾಗೆ ಇದ್ದಳು. ಅಂದರೆ ಅರ್ಧ ಒಪ್ಪಿಗೆ ಎಂದೇ ನಾನು ತಿಳಿದುಕೊಂಡೆ.

ಹುಚ್ಚು ಹತ್ತಿಸಿದವಳು ಮಗಳು. ಶಿಕಾಗೊ ಹತ್ತಿರದ ಈ ನೇಪರ್‌ವಿಲ್‌ಗೆ ಬರುವ ಮೊದಲು ಅವಳಿದ್ದದ್ದು ಫಿಲಡೆಲ್ಫಿಯಾದಲ್ಲಿ. ಕೆಲಸದ ಮೇಲೆ ನ್ಯೂಯಾರ್ಕಿಗೆ ಓಡಾಟವೆಲ್ಲ ಆಮ್‌ಟ್ರ್ಯಾಕ್ ರೈಲಿನಲ್ಲೇ. ಟಿಕೆಟ್ಟಿಗೆ ಕೊಟ್ಟ ಒಂದೊಂದು ಡಾಲರಿಗೂ ಅವರು ಎರಡು ಪಾಯಿಂಟು ಲೆಕ್ಕಕ್ಕೆ ಹಾಕುತ್ತಾರೆ. ಹನಿಹನಿ ಕೂಡಿ ದೊಡ್ಡ ಮೊತ್ತವೇ ಆಗಿತ್ತು. ಆದರೆ ಖಾತೆಯಲ್ಲಿ ಎರಡು ವರ್ಷ ಯಾವ ವ್ಯವಹಾರವೂ ನಡೆಯದಿದ್ದರೆ ಅಷ್ಟೂ ಸೊನ್ನೆಯಾಗುತ್ತದೆ. "ಅಪ್ಪ, ಸುಮ್ಮನೆ ಹಾಳಾಗ್ತವೆ. ನೀವಿಬ್ಬರೂ ಬಳಸಿಬಿಡಿ" ಎಂದಳು. ಪಾಯಿಂಟಿರುವವರು ಬೇರೆಯವರ ಹೆಸರಿಗೂ ಟಿಕೆಟ್ ತೆಗೆಯಬಹುದಂತೆ. ಹಾಳಾಗುತ್ತದೆ ಎಂಬ ಮಾತು ಕಿವಿಗೆ ಬಿದ್ದ ಮೇಲೆ ನಮ್ಮ ತಲೆಮಾರಿನವರು ಕೈಕಟ್ಟಿ ಕೂರುವುದುಂಟೆ? ಫ್ರಿಜ್ಜಿನಲ್ಲಿ ಉಳಿದ ಸಾರಿಗೂ ನಮ್ಮಲ್ಲಿ ಗತಿ ಕಾಣಿಸುತ್ತೇವೆ.

ರೈಲಿನ ಹೆಸರು ಕ್ಯಾಲಿಫೋರ್ನಿಯಾ ಜೆಫರ್. ಶಿಕಾಗೊದಿಂದ ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿಯ ಈಚೆ ದಡದ ಎಮರಿವಿಲ್‌ವರೆಗೆ 2,438 ಮೈಲಿ, ಅಂದರೆ ನಾಲ್ಕು ಸಾವಿರ ಕಿಲೋಮೀಟರಿಗೆ ಸ್ವಲ್ಪ ಕಡಿಮೆ. ಏಳು ರಾಜ್ಯ ದಾಟುತ್ತದೆ. ದಾರಿಯಲ್ಲಿ ಗಡಿಯಾರವನ್ನು ಎರಡು ಸಲ ಹಿಂದಕ್ಕೆ ತಿರುಗಿಸಬೇಕು. ಈ ಹೆಸರಿನ ಮೊದಲ ರೈಲು 1949ರಲ್ಲಿ ಶುರುವಾಯಿತು. ಮೂರು ಖಾಸಗಿ ಕಂಪನಿಗಳು ಸೇರಿ ಓಡಿಸಿದ ಆ ರೈಲಿನ ವೇಳಾಪಟ್ಟಿಯಲ್ಲಿ ಒಂದು ಜಾಣತನವಿತ್ತು. ಬೇಗ ಮುಟ್ಟಿಸುವ ಪೈಪೋಟಿಗೆ ಅವರು ಇಳಿಯಲೇ ಇಲ್ಲ. ಬಯಲು, ಮರುಭೂಮಿಗಳನ್ನು ರಾತ್ರಿಗೆ ಬಿಟ್ಟು, ಬೆಟ್ಟದ ಸಾಲುಗಳು ಹಗಲಲ್ಲೇ ಸಿಗುವಂತೆ ಗಂಟೆಗಳನ್ನು ಹೊಂದಿಸಿದರು. ಛಾವಣಿಯ ಮೇಲೆ ಗಾಜಿನ ಗುಮ್ಮಟವಿದ್ದ ಡಬ್ಬಿಗಳನ್ನೂ ಜೋಡಿಸಿದರು. 1970ರಲ್ಲಿ ಅದು ನಿಂತಿತು. 1971ರ ಮೇ ತಿಂಗಳಲ್ಲಿ ಆಮ್‌ಟ್ರ್ಯಾಕ್ ಹುಟ್ಟಿತಾದರೂ ಕೊಲೊರಾಡೊ ಬೆಟ್ಟಗಳ ನಡುವಿನ ಹಳಿ ಅದಕ್ಕೆ ಓಡಾಟಕ್ಕೆ ಸಿಕ್ಕಿದ್ದು 1983ರಲ್ಲಿ. ಹಳೆಯ ಹೆಸರು ಮತ್ತೆ ಹತ್ತಿದ್ದೂ ಆಗಲೇ. ಗುಮ್ಮಟ ಹೋಗಿ ಎರಡಂತಸ್ತಿನ ಡಬ್ಬಿಗಳು ಬಂದಿವೆ. ಹಗಲು ಬೆಟ್ಟ, ರಾತ್ರಿ ಬಯಲು ಎಂಬ ಹಳೆಯ ಲೆಕ್ಕ ಮಾತ್ರ ಬಹುಪಾಲು ಹಾಗೇ ಇದೆ.

ಇನ್ನು ಪಾಯಿಂಟಿನ ಗಣಿತ. ಒಂದು ಪಾಯಿಂಟಿಗೆ ಹೆಚ್ಚುಕಡಿಮೆ ಎರಡೂವರೆ ಸೆಂಟ್ ಬೆಲೆ; ಹತ್ತು ಸಾವಿರ ಪಾಯಿಂಟಿದ್ದರೆ 250 ಡಾಲರಿನ ಆಸುಪಾಸು. ಟಿಕೆಟ್ ದರ ಏರಿದರೆ ಬೇಕಾಗುವ ಪಾಯಿಂಟೂ ಏರುತ್ತದೆ. ಸೀಟು ತುಂಬುತ್ತ ಹೋದ ಹಾಗೆ ದರವೂ ಮೆಟ್ಟಿಲು ಹತ್ತುತ್ತದೆ. ಹಾಗಿದ್ದ ಮೇಲೆ ಲೆಕ್ಕಪತ್ರದ ಕಣ್ಣಿನಲ್ಲಿ ಪಾಯಿಂಟಿಗೂ ದುಡ್ಡಿಗೂ ವ್ಯತ್ಯಾಸವೇ ಇಲ್ಲ. ಎಲ್ಲಿ ಖರ್ಚು ಮಾಡಿದರೂ ಅಷ್ಟೇ. ಮನಸ್ಸಿನ ಲೆಕ್ಕವೇ ಬೇರೆ. ರೈಲಿನ ಕೋಣೆಯಲ್ಲಿ ಒಂದು ರಾತ್ರಿಯ ನಿದ್ದೆಗೆ ನೂರಾರು ಡಾಲರ್ ಎಣಿಸಿಕೊಡು ಎಂದರೆ ನನ್ನ ಹೆಂಡತಿ ಜನ್ಮಕ್ಕೆ ಒಪ್ಪುವವಳಲ್ಲ. ಅಷ್ಟು ದುಡ್ಡಿಗೆ ಊರಿನಲ್ಲಿ ಏನೇನು ಬರುತ್ತದೆ ಎಂದು ಸೀಮೆಸುಣ್ಣ ಹಿಡಿದು ಪಾಠ ಮಾಡಿಬಿಡುತ್ತಾಳೆ. ಪಾಯಿಂಟು ಎಂದರೆ ಅವಳೂ ಕರಗುತ್ತಾಳೆ. ಕೈಯಿಂದ ಕೊಡಲು ಹೊಟ್ಟೆ ಉರಿಯುವ ಕಡೆಗೇ ಪಾಯಿಂಟು ಸುರಿಯಬೇಕು, ಅಗ್ಗದ ಕಡೆಗೆ ನಗದು ಕೊಡಬೇಕು. ಇಷ್ಟು ನನಗೆ ಸ್ಪಷ್ಟವಾಯಿತು. ಕಷ್ಟವಿದ್ದದ್ದು ನಡುವೆ ಇಳಿಯುವ ವಿಚಾರದಲ್ಲಿ.

ನಮ್ಮಲ್ಲಿ ಸರ್ಕ್ಯುಲರ್ ಜರ್ನಿ ಟಿಕೆಟ್ ಎಂಬುದೊಂದಿದೆ. ಈಗ ಅದನ್ನು ಕೇಳಿ ಪಡೆಯುವವರು ವಿರಳ. ಹೊರಟ ಊರಿಗೇ ಸುತ್ತಿ ಬರಬೇಕು, ನಡುವೆ ಎಂಟು ಕಡೆ ಇಳಿಯಬಹುದು. ಒಟ್ಟು ದೂರವನ್ನು ಅರ್ಧ ಮಾಡಿ ಎರಡು ಪ್ರಯಾಣದ ದರ ಹಾಕುತ್ತಾರೆ. ದೂರ ಹೆಚ್ಚಿದಷ್ಟೂ ಕಿಲೋಮೀಟರಿಗೆ ಬೀಳುವ ದರ ಇಳಿಯುವುದರಿಂದ, ಸುತ್ತಿದಷ್ಟೂ ಲಾಭ. ಸಾಮಾನ್ಯ ಟಿಕೆಟ್ಟಿನಲ್ಲೂ ಐನೂರು ಕಿಲೋಮೀಟರ್ ದಾಟಿದ ಮೇಲೆ ಒಮ್ಮೆ ಇಳಿದು, ಸ್ಟೇಷನ್ ಮಾಸ್ಟರ ಬಳಿ ಟಿಕೆಟ್ಟಿನ ಮೇಲೆ ಬರೆಸಿಕೊಂಡು, ಎರಡು ದಿನ ಇದ್ದು ಮುಂದೆ ಹೋಗಲು ಅವಕಾಶವಿತ್ತು. ಆ ನಿಯಮಗಳನ್ನು ಬರೆದವನಿಗೆ ದಾರಿಯಲ್ಲಿ ನೆಂಟರಿದ್ದಿರಬೇಕು ಎಂದು ನನಗೆ ಯಾವತ್ತೂ ಅನ್ನಿಸುತ್ತದೆ.

ಆಮ್‌ಟ್ರ್ಯಾಕಿನಲ್ಲಿ ಆ ದಾಕ್ಷಿಣ್ಯವಿಲ್ಲ. ಒಂದೆರಡು ದಿನಕ್ಕೆ ಇಳಿದಿರೋ, ಅಲ್ಲಿಗೆ ಒಂದು ಟಿಕೆಟ್ ಮುಗಿಯಿತು. ಮರುದಿನ ಹತ್ತಿದರೆ ಅದು ಇನ್ನೊಂದು. ಎರಡು ತುಂಡಿನ ದರ ಕೂಡಿದರೆ ಇಡೀ ದೂರದ ದರಕ್ಕಿಂತ ಸಾಮಾನ್ಯವಾಗಿ ಹೆಚ್ಚೇ ಬರುತ್ತದೆ. ಪಾಯಿಂಟಿನಲ್ಲಿ ತೆಗೆದರೂ ಇದೇ ನ್ಯಾಯ. ನಿಲ್ಲುವ ಆಸೆಯವರಿಗೆಂದೇ ಒಂದು ಪಾಸ್ ಇದೆ: 499 ಡಾಲರಿಗೆ ಮೂವತ್ತು ದಿನಗಳಲ್ಲಿ ಹತ್ತು ಸಲ ಹತ್ತಿ ಇಳಿಯಬಹುದು, ಕುರ್ಚಿ ಸೀಟು ಮಾತ್ರ. ಬೆನ್ನಿಗೆ ಚೀಲ ಹಾಕಿಕೊಂಡು ತಿರುಗುವ ಹುಡುಗರಿಗೆ ಅದು ವರ. ಅರವತ್ತು ದಾಟಿದ ದಂಪತಿಗೆ ಹತ್ತು ರಾತ್ರಿ ಕುರ್ಚಿ ಎಂದರೆ ಭಾಮೈದನ ಎಚ್ಚರಿಕೆ ನಿಜವಾಗುವುದು ಖಂಡಿತ.

ಒಂದೇ ಕಡೆ ಇಳಿಯುವುದು ಎಂದು ತೀರ್ಮಾನವಾಯಿತು. ಎಲ್ಲಿ? ಊಟದ ಮೇಜಿನ ಮೇಲೆ ವೇಳಾಪಟ್ಟಿ ಹರಡಿಕೊಂಡು ಕೂತೆ. ಪ್ರವಾಸಕ್ಕಿಂತ ಈ ಕೂತದ್ದೇ ಹೆಚ್ಚು ರುಚಿಸಿತೇನೋ. ಊರಿನ ಹೆಸರು ನೋಡಿ ತಂಗುದಾಣ ಆರಿಸುವವರು ಎಡವುವುದು ಇಲ್ಲೇ. ನೋಡಬೇಕಾದದ್ದು ರೈಲು ಆ ಊರಿಗೆ ಬರುವ ಗಂಟೆಯನ್ನು. ಒಮಾಹಾ ಬರುವುದು ರಾತ್ರಿ ಹನ್ನೊಂದರ ಸುಮಾರಿಗೆ. ಸಾಲ್ಟ್ ಲೇಕ್ ಸಿಟಿಯೂ ಅಷ್ಟು ಹೊತ್ತಿಗೇ. ಅಲ್ಲಿ ಇಳಿದರೆ ಅಪರಾತ್ರಿಯಲ್ಲಿ ಹೋಟೆಲ್ ಹುಡುಕಬೇಕು, ಹೊರಡುವ ದಿನ ಮತ್ತೆ ಅಪರಾತ್ರಿಯವರೆಗೆ ಸ್ಟೇಷನ್ನಿನಲ್ಲಿ ತೂಕಡಿಸಬೇಕು. ಡೆನ್ವರ್ ಚೆಂದದ ಊರು, 2014ರಲ್ಲಿ ಹೊಸದಾಗಿ ಸಿಂಗರಿಸಿದ ಯೂನಿಯನ್ ಸ್ಟೇಷನ್ ನೋಡಲಿಕ್ಕೇ ಒಮ್ಮೆ ಹೋಗಬೇಕು. ಆದರೆ ರೈಲು ಮುಟ್ಟುವುದು ಬೆಳಗ್ಗೆ ಏಳಕ್ಕೆ, ಹೋಟೆಲಿನವರು ಕೋಣೆ ಕೊಡುವುದು ಮಧ್ಯಾಹ್ನ ಮೂರಕ್ಕೆ. ಟ್ರಕೀ ಎಂಬ ಬೆಟ್ಟದೂರು ಬೆಳಗ್ಗೆ ಒಂಬತ್ತೂವರೆಗೆ ಬರುತ್ತದೆ, ಅಲ್ಲಿಂದ ಭಾಮೈದನ ಮನೆ ಕಾರಿನಲ್ಲಿ ಕೆಲವೇ ಗಂಟೆ. ಅದನ್ನು ಯಾವಾಗಲಾದರೂ ನೋಡಬಹುದು.

ಉಳಿದದ್ದು ಗ್ಲೆನ್‌ವುಡ್ ಸ್ಪ್ರಿಂಗ್ಸ್. ಕೊಲೊರಾಡೊ ರಾಜ್ಯದ ಪಶ್ಚಿಮದಲ್ಲಿ, ಕೊಲೊರಾಡೊ ನದಿಯ ದಡದಲ್ಲಿರುವ ಚಿಕ್ಕ ಊರು. ಮಧ್ಯಾಹ್ನ ಎರಡರ ಹತ್ತಿರ ರೈಲು. ಮರುದಿನ ಹತ್ತುವುದೂ ಅದೇ ಎರಡಕ್ಕೆ, ತಿಂಡಿ ಊಟ ಮುಗಿಸಿಕೊಂಡು. ಸ್ಟೇಷನ್ ಊರ ನಡುವೆಯೇ ಇದೆ, ಟ್ಯಾಕ್ಸಿ ಬೇಡ. ನದಿಯಾಚೆ ಬಿಸಿನೀರಿನ ಬುಗ್ಗೆ. ಬಿಸಿನೀರು ಎಂದ ಕೂಡಲೇ ಒಳಕೋಣೆಯಿಂದ "ಎಷ್ಟು ಬಿಸಿ?" ಎಂಬ ಪ್ರಶ್ನೆ ಬಂತು. ಸ್ಥಳ ಗೊತ್ತಾಯಿತು.

ರೈಲು ತಡವಾಗುವ ವಿಷಯವನ್ನೂ ಲೆಕ್ಕಕ್ಕೆ ಹಿಡಿಯಬೇಕು. ಶಿಕಾಗೊದಿಂದ ಡೆನ್ವರ್‌ವರೆಗಿನ ಹಳಿ ಬಿಎನ್‌ಎಸ್‌ಎಫ್ ಎಂಬ ಗೂಡ್ಸ್ ಕಂಪನಿಯದು, ಅಲ್ಲಿಂದಾಚೆಗೆ ಯೂನಿಯನ್ ಪೆಸಿಫಿಕ್‌ನದು. ಪ್ರಯಾಣಿಕರ ರೈಲಿಗೇ ಮೊದಲು ದಾರಿ ಬಿಡಬೇಕೆಂದು 1973ರಿಂದ ಕಾನೂನಿದೆ. ಆದರೆ ಈಗಿನ ಗೂಡ್ಸ್ ರೈಲುಗಳು ಎಷ್ಟೋ ಕಡೆ ಬದಿಯ ಲೂಪ್ ಹಳಿಗಿಂತ ಉದ್ದ. ಪಕ್ಕಕ್ಕೆ ಸರಿಯಲು ಅವಕ್ಕೆ ಜಾಗವೇ ಸಾಲದಿದ್ದಾಗ ಸರಿಯುವವರು ಯಾರು? ಚಿಕ್ಕ ರೈಲೇ. ಹಾಗಾಗಿ ಜೆಫರಿನಿಂದ ಇಳಿದು ಅದೇ ದಿನ ವಿಮಾನ ಹಿಡಿಯುವ ಸಾಹಸ ಬೇಡ ಎಂದು ತಿಳಿದವರು ಹೇಳುತ್ತಾರೆ. ನಡುವೆ ಒಂದು ರಾತ್ರಿ ತಂಗುವುದು ಈ ದೃಷ್ಟಿಯಿಂದಲೂ ಒಳ್ಳೆಯದು. ತಡವಾದರೆ ಹೋಟೆಲ್ ಎಲ್ಲಿಗೂ ಓಡಿಹೋಗುವುದಿಲ್ಲ.

ಪ್ರಯಾಣ ಎರಡು ತುಂಡಾಯಿತು, ಎರಡರಲ್ಲೂ ಒಂದೊಂದು ರಾತ್ರಿ. ಮಗಳ ಪಾಯಿಂಟಿಗೆ ಬರುವುದು ಒಂದೇ ರೂಮೆಟ್. ರೂಮೆಟ್ ಎಂದರೆ ಮೂರೂವರೆ ಅಡಿ ಅಗಲ, ಆರೂವರೆ ಅಡಿ ಉದ್ದದ ಗೂಡು. ಹಗಲು ಎದುರುಬದುರು ಎರಡು ಕುರ್ಚಿ. ರಾತ್ರಿ ಅವೆರಡೂ ಸೇರಿ ಕೆಳಗಿನ ಹಾಸಿಗೆ, ಮೇಲಿನದು ಚಾವಣಿಯಿಂದ ಇಳಿಯುತ್ತದೆ. ಕೋಣೆಯ ಬಾಡಿಗೆ ಕೋಣೆಗೆ ಒಂದೇ, ಒಳಗೆ ಒಬ್ಬರಿರಲಿ ಇಬ್ಬರಿರಲಿ. ಊಟ ತಿಂಡಿ ಅದರಲ್ಲೇ ಸೇರಿರುತ್ತದೆ. ಇದನ್ನು ಯಾವ ರಾತ್ರಿಗೆ ಇಡುವುದು? ನಾನು ಮೊದಲ ರಾತ್ರಿಗೆ ಎಂದೆ, ಬೆಳಗ್ಗೆ ಬೆಟ್ಟ ನೋಡಲು ಕಣ್ಣು ಹಗುರವಾಗಿರಬೇಕಲ್ಲ.

"ಏನೂ ಬೇಡ ರೀ" ಎಂದಳು ಹೆಂಡತಿ. "ಮೊದಲನೇ ರಾತ್ರಿ ಹೇಗೋ ಕಳೆಯೋಣ, ಇಳಿದ ಮೇಲೆ ಹೋಟೆಲಿದೆ, ಬಿಸಿನೀರಿದೆ. ಎರಡನೇ ಸಲ ಇಳಿಯೋದು ತಮ್ಮನ ಮನೆಗೆ. ಕೆದರಿದ ತಲೆ, ಮುದುಡಿದ ಸೀರೆಯಲ್ಲಿ ಹೋಗಿ ನಿಂತರೆ ಅವನ ಹೆಂಡತಿ ಏನಂದ್ಕೊಳ್ತಾಳೆ? ಆ ರೂಮಿನವರಿಗೆ ಸ್ನಾನದ ಮನೆ ಇದೆಯೋ ಇಲ್ಲವೋ, ಅದು ಹೇಳಿ."

ಕೆಳಗಿನ ಅಂತಸ್ತಿನಲ್ಲಿ ಇದೆ. ಮುಂದೆ ವಾದ ಮಾಡಲಿಲ್ಲ.

ನೇಪರ್‌ವಿಲ್ ಸ್ಟೇಷನ್ನಿನಿಂದ ಮಧ್ಯಾಹ್ನ ಎರಡೂವರೆಗೆ ಹೊರಟೆವು. ಕಂಡಕ್ಟರ್ ಬಂದು ಟಿಕೆಟ್ ನೋಡಿ, ತಲೆಯ ಮೇಲಿನ ಪಟ್ಟಿಗೆ ಬೆರಳಗಲದ ಕಾಗದವೊಂದನ್ನು ಸಿಕ್ಕಿಸಿದ. ಅದರ ಮೇಲೆ ಪೆನ್ನಿನಲ್ಲಿ ಜಿಎಸ್‌ಸಿ, ಕೆಳಗೆ 2. ನಾವಿಬ್ಬರು ಗ್ಲೆನ್‌ವುಡ್‌ನಲ್ಲಿ ಇಳಿಯುವವರು ಎಂಬುದಕ್ಕೆ ಅದೇ ದಾಖಲೆ. ಮೊಬೈಲಿನಲ್ಲಿ ಟಿಕೆಟ್ ಇದ್ದರೂ ಕೊನೆಗೆ ನಂಬುವುದು ಆ ಚೀಟಿಯನ್ನೇ. ಸಂಜೆ ಬರ್ಲಿಂಗ್ಟನ್ ಬಳಿ ಮಿಸಿಸಿಪ್ಪಿ ದಾಟಿತು. ಅಗಲವಾದ, ಮಣ್ಣು ಬಣ್ಣದ, ಯಾವ ಅವಸರವೂ ಇಲ್ಲದ ನೀರು. ಆಮೇಲೆ ಅಯೋವಾದ ಜೋಳದ ಹೊಲಗಳು, ಕತ್ತಲಾಗುವವರೆಗೂ ಅದೇ. ನಾವು ಕಟ್ಟಿಕೊಂಡು ಬಂದಿದ್ದ ಚಪಾತಿ, ಚಟ್ನಿಪುಡಿ, ಮೊಸರವಲಕ್ಕಿ ತೆಗೆದೆವು. ಕುರ್ಚಿ ಚೆನ್ನಾಗಿಯೇ ಹಿಂದಕ್ಕೆ ಬಾಗುತ್ತದೆ, ಕಾಲಿಗೆ ಆಸರೆ ಮೇಲೇಳುತ್ತದೆ. ನಮ್ಮ ಸೆಕೆಂಡ್ ಸಿಟ್ಟಿಂಗ್ ನೆನಪಿಟ್ಟುಕೊಂಡು ಹೋದವರಿಗೆ ಅದು ಸಿಂಹಾಸನ. ನೆಬ್ರಾಸ್ಕವನ್ನು ನಾನು ನೋಡಲಿಲ್ಲ. ನೋಡಿದವರೆಲ್ಲ ಬೇಸರಪಟ್ಟುಕೊಳ್ಳಬೇಡ ಎಂದೇ ಹೇಳಿದ್ದಾರೆ.

ಡೆನ್ವರ್ ಬಿಟ್ಟ ಮೇಲೆ ರೈಲು ನಿಜವಾಗಿ ಎದ್ದು ಕೂರುತ್ತದೆ. ನಾವು ಸೀಟು ಬಿಟ್ಟು ದೊಡ್ಡ ಕಿಟಕಿಗಳ ಲೌಂಜ್ ಡಬ್ಬಿಗೆ ಹೋಗಿ ಕೂತೆವು. ಬೆಟ್ಟದ ಬುಡದಲ್ಲಿ ಹಳಿ ದೊಡ್ಡದೊಂದು ಎಸ್ ಆಕಾರದಲ್ಲಿ ಸುತ್ತಿ ಏರುತ್ತದೆ. ಆ ತಿರುವಿನಲ್ಲಿ ಹಳೆಯ ಗೂಡ್ಸ್ ಡಬ್ಬಿಗಳ ಸಾಲೊಂದು ಸುಮ್ಮನೆ ನಿಂತಿತ್ತು, ತುಕ್ಕು ಹಿಡಿದು. ಮರೆತು ಬಿಟ್ಟುಹೋದದ್ದಲ್ಲ. ಬೆಟ್ಟದಿಂದ ನುಗ್ಗುವ ಗಾಳಿ ರೈಲನ್ನೇ ಉರುಳಿಸುವಷ್ಟು ಜೋರಂತೆ; ಮಣ್ಣು ತುಂಬಿ ಅಲ್ಲಿಯೇ ಬಿಗಿದಿಟ್ಟ ಆ ಡಬ್ಬಿಗಳು ಗಾಳಿಗೆ ಗೋಡೆ. ಓಡಾಡುವುದು ಮುಗಿದ ಮೇಲೂ ಕೆಲಸದಲ್ಲಿದ್ದಾವೆ. ನಿವೃತ್ತನಾದ ನನಗೆ ಅವನ್ನು ಕಂಡು ಸ್ವಲ್ಪ ಸಮಾಧಾನವಾಯಿತು.

ಆಮೇಲೆ ಒಂದರ ಹಿಂದೊಂದು ಸುರಂಗ. ದೊಡ್ಡದು ಮೊಫಾಟ್, 1928ರಲ್ಲಿ ತೆರೆದದ್ದು, ಹತ್ತು ಕಿಲೋಮೀಟರ್ ಉದ್ದ. ಸಮುದ್ರಮಟ್ಟದಿಂದ ಒಂಬತ್ತು ಸಾವಿರ ಅಡಿಗೂ ಮೇಲೆ, ಖಂಡದ ನೀರು ಎರಡು ಕಡೆಗೆ ಬೇರೆಯಾಗುವ ಬೆನ್ನುಮೂಳೆಯ ಅಡಿಯಲ್ಲಿ ಹೋಗುತ್ತದೆ. ಡೀಸೆಲ್ ಹೊಗೆ ಒಳಗೆ ಬಾರದಿರಲಿ ಎಂದು ಡಬ್ಬಿಯಿಂದ ಡಬ್ಬಿಗೆ ಓಡಾಡಬೇಡಿ ಎಂದು ಮೈಕಿನಲ್ಲಿ ಕೂಗಿದರು. ಆಚೆ ಹೊರಬಂದು ಇನ್ನಷ್ಟು ದೂರ ಹೋದರೆ ಕೊಲೊರಾಡೊ ನದಿ ಸಿಗುತ್ತದೆ. ಅಲ್ಲಿ ಇನ್ನೂ ತೊರೆ. ಮುಂದೆ ಗಂಟೆಗಟ್ಟಲೆ ರೈಲು ಅದರ ಬೆರಳು ಹಿಡಿದೇ ನಡೆಯುತ್ತದೆ, ರಸ್ತೆಯೇ ಇಲ್ಲದ ಕಮರಿಗಳಲ್ಲೂ.

ನದಿಯಲ್ಲಿ ರಬ್ಬರ್ ದೋಣಿಯವರು. ರೈಲು ಕಂಡರೆ ಎದ್ದು ನಿಂತು, ಬೆನ್ನು ತಿರುಗಿಸಿ, ಚಡ್ಡಿ ಜಾರಿಸಿ ಮರ್ಯಾದೆ ಸಲ್ಲಿಸುವುದು ಅವರ ಹಳೆಯ ಸಂಪ್ರದಾಯ. ಲೌಂಜ್ ತುಂಬ ನಗು. ನನ್ನ ಹೆಂಡತಿ ಕೈಚೀಲದಲ್ಲಿ ಏನನ್ನೋ ಹುಡುಕುತ್ತ, "ಇದಕ್ಕೂ ಪಾಯಿಂಟು ಹಿಡ್ಕೊಂಡಿದ್ದಾರಾ?" ಎಂದು ಕೇಳಿದಳು.

ಗ್ಲೆನ್‌ವುಡ್ ಕಮರಿ ಕೊನೆಯದು. ಗುಮ್ಮಟದ ಡಬ್ಬಿಯ ಯೋಚನೆ ಹುಟ್ಟಿದ್ದು ಇಲ್ಲೇ, 1944ರಲ್ಲಿ. ಜನರಲ್ ಮೋಟರ್ಸ್‌ನ ಸೈರಸ್ ಆಸ್ಬರ್ನ್ ಎಂಜಿನ್ನಿನಲ್ಲಿ ಕೂತು ಹೋಗುತ್ತಿದ್ದರಂತೆ. ಡ್ರೈವರಿಗೆ ಕಾಣುವಷ್ಟು ನೋಟ ದುಡ್ಡು ಕೊಟ್ಟ ಪ್ರಯಾಣಿಕನಿಗೆ ಏಕಿಲ್ಲ ಎಂಬ ಆಲೋಚನೆ ಅವರಿಗೆ ಬಂದದ್ದು ಆ ಸೀಟಿನಲ್ಲಿ. ಕೆಂಪು ಮರಳುಗಲ್ಲಿನ ಪುಟ್ಟ ಸ್ಟೇಷನ್ನಿನಲ್ಲಿ ಇಳಿದೆವು. ನದಿಗೆ ಅಡ್ಡಲಾಗಿ ನಡೆದು ಹೋಗುವ ಸೇತುವೆ, ಆಚೆ 1888ರಿಂದಲೂ ಇರುವ ಬಿಸಿನೀರಿನ ಕೊಳ. ಬುಗ್ಗೆಯಿಂದ ನೀರು ಬರುವುದು ಐವತ್ತು ಡಿಗ್ರಿಯಲ್ಲಿ. ಮೈಗೆ ಹಿತವಾಗುವಷ್ಟು ತಣಿಸಿ ಬಿಡುತ್ತಾರೆ. ಇದು ಮೊದಲು ಯೂಟ್ ಬುಡಕಟ್ಟಿನವರ ಜಾಗ. 1881ರಲ್ಲಿ ಅವರನ್ನು ಇಲ್ಲಿಂದ ಯೂಟಾ ಕಡೆಗೆ ಹೊರಡಿಸಿದರು. ಏಳೇ ವರ್ಷದಲ್ಲಿ ಕೊಳ ಕಟ್ಟಿ ಟಿಕೆಟ್ ಇಟ್ಟರು. ಸಂಜೆಯವರೆಗೂ ನೀರಲ್ಲಿ ಕೂತ ಹೆಂಡತಿ ಈ ಇತಿಹಾಸ ಕೇಳಿ, "ಪಾಪ, ಅವರಿಗೆ ಸೊಂಟ ನೋವು ಬಂದರೆ ಈಗ ಎಲ್ಲಿಗೆ ಹೋಗಬೇಕು?" ಎಂದಳು.

ಮರುದಿನ ರೂಮೆಟ್. ಗೂಡು ಚಿಕ್ಕದೆಂದು ಗೊಣಗುವವರ ಮಾತು ಸುಳ್ಳಲ್ಲ. ಒಬ್ಬರು ಸೀರೆ ನೆರಿಗೆ ಹಿಡಿಯಬೇಕಾದರೆ ಇನ್ನೊಬ್ಬರು ಹೊರಗೆ ನಿಲ್ಲಬೇಕು. ರಾತ್ರಿ ಊಟಕ್ಕೆ ಡೈನಿಂಗ್ ಕಾರಿನಲ್ಲಿ ಅಪರಿಚಿತರ ಜೊತೆ ಕೂರಿಸುತ್ತಾರೆ. ನಮ್ಮ ಎದುರಿಗೆ ಸಿಕ್ಕವರು ಅಂಚೆ ಇಲಾಖೆಯಿಂದ ನಿವೃತ್ತರಾದ ಹಿರಿಯರು. ಪಾಯಿಂಟಿನಲ್ಲಿ ಬಂದಿದ್ದೇವೆ ಎಂದದ್ದೇ ತಡ, ಅವರ ಮುಖ ಅರಳಿತು. 2016ಕ್ಕೆ ಮೊದಲು ಲೆಕ್ಕ ಬೇರೆ ಇತ್ತು ಎಂದರು. ದೇಶವನ್ನು ಪೂರ್ವ, ಮಧ್ಯ, ಪಶ್ಚಿಮ ಎಂದು ವಲಯ ಮಾಡಿ, ವಲಯಕ್ಕೆ ಇಷ್ಟು ಪಾಯಿಂಟು ಎಂದು ನಿಗದಿ ಮಾಡಿದ್ದರು. ದಾರಿ ಎಷ್ಟು ಉದ್ದ ಎಂದು ಕೇಳುವವರಿರಲಿಲ್ಲ. ಗಡಿಯ ಊರುಗಳನ್ನು ಹುಡುಕಿ, ಅತಿ ಉದ್ದದ ಸುತ್ತುದಾರಿ ಹಿಡಿದು, ಒಂದೇ ಟಿಕೆಟ್ಟಿನಲ್ಲಿ ದಿನಗಟ್ಟಲೆ ರೈಲಿನಲ್ಲೇ ಮಲಗಿ ಎದ್ದವರಂತೆ ಅವರು. "ಈಗ ಡಾಲರಿಗೆ ಇಷ್ಟು ಎಂದಾಗಿದೆ. ನ್ಯಾಯವೇ, ಆದರೆ ಮಜ ಇಲ್ಲ" ಎಂದರು. ಸರ್ಕ್ಯುಲರ್ ಟಿಕೆಟ್ಟಿನ ವಿಷಯ ಹೇಳಿದೆ. ಎಂಟು ಕಡೆ ಇಳಿಯಬಹುದೇ ಎಂದು ಎರಡು ಸಲ ಕೇಳಿ, ಕಾಗದದ ಕರವಸ್ತ್ರದ ಮೇಲೆ ಬರೆದುಕೊಂಡರು.

ಯೂಟಾದಲ್ಲಿ ಕತ್ತಲಾಯಿತು, ನೆವಾಡದಲ್ಲಿ ಬೆಳಕಾಯಿತು. ಸಾಲ್ಟ್ ಲೇಕ್ ಬಂದು ಹೋದದ್ದು ನಿದ್ದೆಯಲ್ಲಿ. ರೀನೊ ದಾಟಿದ ಮೇಲೆ ಸಿಯೆರಾ ನೆವಾಡ ಏರು. ಕಣಿವೆಯಾಳದಲ್ಲಿ ಡಾನರ್ ಸರೋವರ ಕಾಣುತ್ತದೆ, ಆಚೆಯ ಬಂಡೆಗೆ ಅಂಟಿಕೊಂಡಂತೆ ಹಳೆಯ ಹಿಮಕಾಪಿನ ಗೋಡೆಗಳು. 1869ರಲ್ಲಿ ಪೂರ್ವ ಪಶ್ಚಿಮದ ಹಳಿಗಳು ಕೂಡುವ ಮೊದಲು ಈ ಕಲ್ಲನ್ನು ಕೊರೆದವರು ಸಾವಿರಾರು ಚೀನೀ ಕೂಲಿಗಳು. ಚಳಿಗಾಲವಿಡೀ ಹಿಮದಡಿಯ ಸುರಂಗಗಳಲ್ಲೇ ಬದುಕಿ ಕೈಯಿಂದ ಕುಟ್ಟಿದರು. ಅವರು ಕೊರೆದ ಶಿಖರದ ಸುರಂಗವನ್ನು 1993ರಲ್ಲಿ ಬಿಟ್ಟರು. ಈಗ ರೈಲು ಹೋಗುವುದು 1925ರ ಉದ್ದ ಸುರಂಗದಲ್ಲಿ. ಹೆಂಡತಿ ಅಷ್ಟರಲ್ಲಿ ಸ್ನಾನ ಮುಗಿಸಿ, ಅಲ್ಲಾಡುವ ಡಬ್ಬಿಯಲ್ಲೂ ಹಣೆಗೆ ಬೊಟ್ಟು ಸರಿಯಾಗಿ ನಡುವಿಗೇ ಇಟ್ಟುಕೊಂಡು ಬಂದು ಕೂತಿದ್ದಳು.

ಎಮರಿವಿಲ್‌ವರೆಗೆ ಹೋಗಲಿಲ್ಲ. ಅದಕ್ಕಿಂತ ಒಂದು ನಿಲ್ದಾಣ ಮೊದಲು ರಿಚ್ಮಂಡಿನಲ್ಲಿ ಇಳಿದರೆ ಅಲ್ಲೇ ಬಾರ್ಟ್ ರೈಲು ಸಿಗುತ್ತದೆ, ಫ್ರೀಮಾಂಟಿಗೆ ನೇರ. ಭಾಮೈದ ಸ್ಟೇಷನ್ನಿಗೆ ಕಾರು ತಂದಿದ್ದ. "ವಿಮಾನಕ್ಕಿಂತ ಎಷ್ಟು ಉಳೀತು ಭಾವ?" ಎಂಬುದೇ ಮೊದಲ ಪ್ರಶ್ನೆ. ಹೋಟೆಲಿನ ಬಾಡಿಗೆ ಸೇರಿಸಿದರೆ ಏನೂ ಉಳಿದಿಲ್ಲ, ಮೇಲೊಂದಿಷ್ಟು ಹೋಗಿಯೇ ಇದೆ. ನಾನು ಉತ್ತರ ಜೋಡಿಸುವಷ್ಟರಲ್ಲಿ ಅವಳೇ ಅಂದಳು: "ವಾಪಸ್ಸು ಬೇರೆ ದಾರಿ ಇದೆಯಂತೆ. ಸಿಯಾಟಲ್‌ಗೆ ಹೋಗಿ ಅಲ್ಲಿಂದ ಗ್ಲೇಸಿಯರ್ ಪಾರ್ಕ್ ಕಡೆ ಸುತ್ತಿ ಶಿಕಾಗೊ. ಪಾಯಿಂಟು ಮುಗಿದಿದೆ, ದುಡ್ಡು ಕೊಟ್ಟೇ ತೆಗೀಬೇಕು. ಆ ಬೆಟ್ಟ ಹಗಲು ಬರುತ್ತೋ ರಾತ್ರಿ ಬರುತ್ತೋ, ಮೊದಲು ನೋಡ್ರೀ."

ಬೆಳಗ್ಗೆಯೇ ಬರುತ್ತದೆ. ಆ ಪುಟವನ್ನು ನಾನು ಗ್ಲೆನ್‌ವುಡ್‌ನಲ್ಲೇ ನೋಡಿಟ್ಟುಕೊಂಡಿದ್ದೆ.